ಎಂದೂ ಬತ್ತದ ಹೊಳೆ ಒಂದೇ, ಅದು ನಮ್ಮ ಬಚ್ಚಲಿನಿಂದ ಹೊರಡುತ್ತದೆ

(ಕೋಲಾರ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಆಡಿದ ಮಾತು ಇದು. ಎದುರಿಗೆ ಅರ್ಧ ಜನ ರೈತರು, ಇನ್ನರ್ಧ ಕಾಲೇಜು ಮಕ್ಕಳು. ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಇದೆ. ಈ ಗಾಜಿನ ಜಾಡಿ ನೋಡಿ. ಒಂದು ಲೀಟರಿನದು, ಪಕ್ಕದಲ್ಲಿ ಅಳತೆ ಗೆರೆಗಳಿವೆ. ಇದರಲ್ಲಿ ಇರುವುದು ಇವತ್ತು ಬೆಳಿಗ್ಗೆ ಒಂದು ಎಸ್‌ಟಿಪಿಯ, ಅಂದರೆ ಕೊಳಚೆ ನೀರು ತೊಳೆಯುವ ಘಟಕದ, ಗಾಳಿ ತೊಟ್ಟಿಯಿಂದ ತುಂಬಿಕೊಂಡು ಬಂದ ನೀರು. ದಾರಿಯುದ್ದಕ್ಕೂ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪಿನಿಂದ ಗಾಳಿ ಕೊಡುತ್ತಾ ತಂದಿದ್ದೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಣ್ಣ ನೋಡಿದರೆ ಡಿಕಾಕ್ಷನ್‌ಗೆ ಒಂದು ಚಮಚ ಹಾಲು ಬಿಟ್ಟ ಹಾಗಿದೆ. ಮೂಗಿನ ಹತ್ತಿರ ತಂದರೂ ಗಬ್ಬು ವಾಸನೆ ಬರುವುದಿಲ್ಲ, ಬೇಕಾದರೆ ಮುಂದಿನ ಸಾಲಿನವರು ಬಂದು ನೋಡಿ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ, ಅಷ್ಟೇ. ಈಗ ಪಂಪು ತೆಗೆದು ಮೇಜಿನ ಮೇಲೆ ಇಡುತ್ತೇನೆ. ಟೈಮ್ ನೋಡಿಕೊಳ್ಳಿ. ಅರ್ಧ ಗಂಟೆ ಯಾರೂ ಮೇಜು ಅಲುಗಾಡಿಸಬೇಡಿ.

ಈಗ ಒಂದು ಪ್ರಶ್ನೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ನಿಲ್ಲದೆ ಬರುವ ನೀರು ಯಾವುದು?

ಅಂತರಗಂಗೆ ಬೆಟ್ಟದಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರು ಅಂತ ಹಿಂದಿನ ಸಾಲಿನವರೊಬ್ಬರು ಹೇಳಿದರು. ಸರಿ, ಅದು ಒಂದು. ಇನ್ನೊಂದು ಹೇಳಿ ನೋಡೋಣ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ, ಹೆಸರಿಗೆ ನದಿಗಳೇ. ಆದರೆ ಜೋರು ಮಳೆ ಬಂದರೆ ಹರಿಯುತ್ತವೆ, ಇಲ್ಲದಿದ್ದರೆ ಮರಳು, ಜಾಲಿ, ಅಷ್ಟೇ. ಹಾಗಾಗಿಯೇ ಅಲ್ವಾ ನಮ್ಮ ಹಿರಿಯರು ಈ ಸೀಮೆಯಲ್ಲಿ ಕಂಡಕಂಡಲ್ಲಿ ಕೆರೆ ಕಟ್ಟಿದ್ದು, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಸರಪಳಿ ಮಾಡಿದ್ದು, ಅದನ್ನು ನೋಡಿಕೊಳ್ಳುವುದಕ್ಕೆ ಅಂತಲೇ ನೀರಗಂಟಿಯನ್ನು ಇಟ್ಟಿದ್ದು. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು. ಬಿಸಿಲು ಹೀರಿಕೊಂಡು ಹೋಗಬಲ್ಲ ನೀರು ಅದರ ಎರಡು ಪಟ್ಟು. ಈ ಲೆಕ್ಕದಲ್ಲಿ ಯಾವ ಕೆರೆ ತಾನೇ ಬೇಸಿಗೆ ದಾಟುತ್ತದೆ?

ಬತ್ತದ ಇನ್ನೊಂದು ನೀರು ನಮ್ಮ ಬಚ್ಚಲಿನಿಂದ, ಅಡುಗೆ ಮನೆಯಿಂದ, ಪಾಯಿಖಾನೆಯಿಂದ ಹೊರಡುವ ನೀರು. ಮಳೆ ಬರಲಿ ಬಿಡಲಿ, ಬೆಳಿಗ್ಗೆ ಏಳು ಗಂಟೆಗೆ ಅದು ಬಂದೇ ಬರುತ್ತದೆ. ಬಯಲುಸೀಮೆಯ ನಿಜವಾದ ಜೀವನದಿ ಇದೇ. ನನಗೆ ಇವತ್ತು ಹೇಳಬೇಕಾಗಿರುವುದು ಇಷ್ಟೇ: ನದಿಯನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೋ ಇದನ್ನೂ ಅಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ನಾವು ಅರ್ಧ ದಾರಿ ಬಂದಿದ್ದೇವೆ. ಇನ್ನರ್ಧ ಬಾಕಿ ಇದೆ.

ಅರ್ಧ ದಾರಿ ಅಂದರೆ ಏನು ಅಂತ ನಿಮಗೆಲ್ಲ ಗೊತ್ತು, ನಿಮ್ಮ ಊರ ಕೆರೆಗೇ ಬಂದಿರುವ ನೀರು ಅದು. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ಅದಕ್ಕೆ ಇನ್ನೂ 775 ಎಂಎಲ್‌ಡಿ ಸೇರಿದೆ. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಊರೊಳಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಆ ಕೊಳಚೆಯಲ್ಲಿ ಒಂದು ಪಾಲನ್ನು ಕೋರಮಂಗಲ ಚಲ್ಲಘಟ್ಟ ಕಣಿವೆಯ ಎಸ್‌ಟಿಪಿಗಳಲ್ಲಿ ತೊಳೆದು, ಪೈಪಿನಲ್ಲಿ ಕೋಲಾರಕ್ಕೆ ಕಳಿಸುವುದೇ ಕೆ.ಸಿ. ವ್ಯಾಲಿ ಯೋಜನೆ. ಸಾವಿರದ ಇನ್ನೂರು ಕೋಟಿ ರೂಪಾಯಿಗೂ ಮೀರಿದ ಕೆಲಸ. ಗುರಿ ದಿನಕ್ಕೆ 440 ಎಂಎಲ್‌ಡಿ, ಅಂದರೆ 44 ಕೋಟಿ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೋಡಿದರೆ ದಿನಕ್ಕೆ 73 ಸಾವಿರ ಟ್ಯಾಂಕರ್. ಹೆಬ್ಬಾಳ ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ 210 ಎಂಎಲ್‌ಡಿ ಇದರ ತಮ್ಮ ಇದ್ದ ಹಾಗೆ.

2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ನಿಮ್ಮಲ್ಲಿ ಎಷ್ಟೋ ಜನ ನೋಡಲು ಹೋಗಿದ್ದೀರಿ. ಜುಲೈನಲ್ಲಿ ಅದೇ ನೀರಿನ ಮೇಲೆ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು, ಆಮೇಲೆ ಮತ್ತೆ ನೀರು ಹರಿಯಿತು. ಒಂದು ಕೆರೆ ತುಂಬಿ ಕೋಡಿ ಬಿದ್ದು, ನರಸಾಪುರ ದಾಟಿ, ಕೆಳಗಿನ ಕೆರೆಗಳಿಗೆ ತಾನಾಗಿಯೇ ಇಳಿಯುತ್ತಾ ಹೋಯಿತು. ಹಿರಿಯರು ಕಟ್ಟಿದ ಸರಪಳಿ ಇಷ್ಟು ವರ್ಷದ ಮೇಲೂ ಕೆಲಸ ಮಾಡಿತು ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ನೊರೆ ಯಾಕೆ ಬಂತು? ಇದಕ್ಕೆ ಉತ್ತರ ಹೇಳಬೇಕಾದರೆ ಎಸ್‌ಟಿಪಿ ಒಳಗೆ ಏನು ನಡೆಯುತ್ತದೆ ಅಂತ ಮೊದಲು ಹೇಳಬೇಕು.

ಕೊಳಚೆ ನೀರಿನಲ್ಲಿ ಸಾವಿರ ಪಾಲಿನಲ್ಲಿ 999 ಪಾಲು ನೀರೇ. ಉಳಿದ ಆ ಒಂದು ಪಾಲಿಗೆ ಇಷ್ಟೆಲ್ಲ ರಗಳೆ. ನೀರು ಒಳಗೆ ಬಂದ ತಕ್ಷಣ ಕಂಬಿ ಜಾಲರಿ. ಅಲ್ಲಿ ಸಿಗುವುದು ಬಟ್ಟೆ ಚೂರು, ಪ್ಲಾಸ್ಟಿಕ್ ಕವರ್, ಪ್ಯಾಡು, ತಲೆಕೂದಲು, ಶಾಂಪೂ ಪಾಕೆಟ್ಟು. ಆಮೇಲೆ ಮರಳು ಕೆಳಗೆ ಕೂರುವ ತೊಟ್ಟಿ. ಇದೆಲ್ಲ ಬರೀ ಗುಡಿಸುವ ಕೆಲಸ. ನಿಜವಾದ ಕೆಲಸ ಅದಾದ ಮೇಲಿನ ಗಾಳಿ ತೊಟ್ಟಿಯಲ್ಲಿ. ಅಲ್ಲಿ ಯಾವ ಔಷಧಿಯನ್ನೂ ಹಾಕುವುದಿಲ್ಲ. ಕೋಟ್ಯಂತರ ಸೂಕ್ಷ್ಮಜೀವಿಗಳನ್ನು ಸಾಕುತ್ತೇವೆ. ಕೊಳಚೆ ಅವುಗಳ ಊಟ. ತಿನ್ನುವುದಕ್ಕೆ ಅವುಗಳಿಗೆ ಉಸಿರು ಬೇಕು, ಅದಕ್ಕೆ ಬ್ಲೋವರ್‌ಗಳಿಂದ ತೊಟ್ಟಿಯ ತಳದಲ್ಲಿ ಗಾಳಿ ಊದುತ್ತೇವೆ. ಎಸ್‌ಟಿಪಿಯ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಈ ಗಾಳಿಗೇ ಹೋಗುತ್ತದೆ. ಲೀಟರ್ ನೀರಿನಲ್ಲಿ ಎರಡು ಮಿಲಿಗ್ರಾಂ ಆದರೂ ಆಮ್ಲಜನಕ ಇರಲಿ ಅಂತ ನೋಡಿಕೊಳ್ಳುತ್ತೇವೆ. ಈ ಜಾಡಿಗೆ ದಾರಿಯಲ್ಲಿ ಗಾಳಿ ಕೊಟ್ಟಿದ್ದು ಅದಕ್ಕೇ. ಕರೆಂಟ್ ಹೋಗಿ ಜನರೇಟರ್‌ಗೆ ಡೀಸೆಲ್ ಇಲ್ಲದೆ ಹೋದರೆ, ನಾಲ್ಕೈದು ಗಂಟೆಯಲ್ಲಿ ಇವು ಉಸಿರು ಕಟ್ಟಿ ಒದ್ದಾಡುತ್ತವೆ, ತೊಟ್ಟಿ ಕಪ್ಪಾಗಿ ಗಬ್ಬೆದ್ದು ಹೋಗುತ್ತದೆ.

ತಿಂದು ಕೊಬ್ಬಿದ ಈ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಗಸಿಯ ಹಾಗೆ ಆಗುತ್ತವೆ. ಮುಂದಿನ ತೊಟ್ಟಿಯಲ್ಲಿ ನೀರನ್ನು ಸುಮ್ನೆ ನಿಲ್ಲಿಸಿದರೆ ಸಾಕು, ಗಸಿ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿನೀರು ಉಳಿಯುತ್ತದೆ. ತಳದ ಗಸಿಯಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೆ ಬಿಡುತ್ತೇವೆ. ಮೊಸರಿಗೆ ಹೆಪ್ಪು ಎತ್ತಿಡುತ್ತೀರಲ್ಲ, ಅದೇ ಕೆಲಸ. ಇವತ್ತಿನ ಹೆಪ್ಪು ಕೆಟ್ಟರೆ ನಾಳೆಯ ಮೊಸರು ಕೆಟ್ಟಿತು ಅಂತಲೇ ಅರ್ಥ.

ಸೂಕ್ಷ್ಮದರ್ಶಕದಲ್ಲಿ ಈ ಗಸಿಯ ಒಂದು ಹನಿ ನೋಡಬೇಕು ನೀವು. ಗಂಟೆಯ ಆಕಾರದ ಒಂದು ಜೀವಿ ಇರುತ್ತದೆ, ವರ್ಟಿಸೆಲ್ಲಾ ಅಂತ. ದಾರದಂಥ ಕಾಲಿನ ಮೇಲೆ ನಿಂತು ಬಾಯಿ ತೆರೆದು ತಿನ್ನುತ್ತಾ ಇರುತ್ತದೆ. ಏನಾದರೂ ತಾಗಿದರೆ ಆ ಕಾಲು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಗಬಕ್ಕನೆ ಕೆಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಮತ್ತೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಡ್ಯೂಟಿಗೆ ಬಂದು ಇವು ಜಾಸ್ತಿ ಕಂಡರೆ ನನಗೆ ಸಮಾಧಾನ. ಹಟ್ಟಿಗೆ ಹೋಗಿ ಹಸು ಮೆಲುಕು ಹಾಕುತ್ತಿರುವುದನ್ನು ನೋಡಿದಷ್ಟೇ ಸಮಾಧಾನ. ಲ್ಯಾಬ್ ರಿಪೋರ್ಟ್ ಬರುವುದಕ್ಕೆ ದಿನಗಟ್ಟಲೆ ಕಾಯಬೇಕು. ಇವು ಐದು ನಿಮಿಷದಲ್ಲಿ ಹೇಳಿಬಿಡುತ್ತವೆ.

ಇವುಗಳನ್ನು ಒಂದು ರಾತ್ರಿಯಲ್ಲಿ ಕೊಂದುಹಾಕಬಹುದು. ನಾನು ಕೆಲಸ ಮಾಡಿದ ಒಂದು ಎಸ್‌ಟಿಪಿಯಲ್ಲಿ ಅದು ನಡೆಯಿತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಯಾರೋ ಮೇಲ್ಗಡೆಯ ಮ್ಯಾನ್‌ಹೋಲ್ ತೆಗೆದು, ಲೋಹಕ್ಕೆ ಬಣ್ಣ ಕೊಡುವ ಕಾರ್ಖಾನೆಯ ನೀರು ಇರಬೇಕು, ಒಂದು ಟ್ಯಾಂಕರ್ ಸುರಿದು ಹೋಗಿದ್ದಾರೆ. ಬೆಳಿಗ್ಗೆ ಗಾಳಿ ತೊಟ್ಟಿಯ ಬಣ್ಣವೇ ಬದಲಾಗಿತ್ತು. ಮಣ್ಣಿನ ವಾಸನೆ ಹೋಗಿ ಮೂಗಿಗೆ ಚುಚ್ಚುವ ಹುಳಿ ವಾಸನೆ. ಸೂಕ್ಷ್ಮದರ್ಶಕದಲ್ಲಿ ಎಲ್ಲ ಸ್ತಬ್ಧ, ಒಂದೂ ಅಲುಗಾಡುತ್ತಿರಲಿಲ್ಲ. ಬೇರೆ ಎಸ್‌ಟಿಪಿಯಿಂದ ಗಸಿ ತಂದು, ಸಗಣಿ ಕದಡಿ ಹಾಕಿ, ಮತ್ತೆ ಹೆಪ್ಪು ಕೂಡಿಸುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ಹೊರಗೆ ಹೋದ ನೀರು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಾರ್ಖಾನೆ ನೀರನ್ನು ಊರ ಕೊಳಚೆಗೆ ಬೆರೆಸಬಾರದು ಅಂತ ನಾನು ಎಲ್ಲಿ ಹೋದರೂ ಬಡಬಡಿಸುವುದು ಇದಕ್ಕೇ.

ಈಗ ನೊರೆಗೆ ಬರೋಣ. ಬಟ್ಟೆ ಸೋಪು, ಪಾತ್ರೆ ಸೋಪಿನಲ್ಲಿ ನೊರೆ ಬರಿಸುವ ಪದಾರ್ಥ ಇರುತ್ತದೆ. ಎಸ್‌ಟಿಪಿ ಚೆನ್ನಾಗಿ ನಡೆದರೆ ಅದರ ಹೆಚ್ಚಿನ ಪಾಲನ್ನು ಈ ಜೀವಿಗಳೇ ತಿಂದು ಮುಗಿಸುತ್ತವೆ. ಗಾಳಿ ಸಾಲದಿದ್ದರೆ, ಅಥವಾ ತೊಳೆಯದ ನೀರು ಎಲ್ಲಿಂದಲೋ ಬಂದು ಸೇರಿದರೆ ಅದು ಉಳಿದುಬಿಡುತ್ತದೆ. ಆ ನೀರು ಪೈಪಿನ ಬಾಯಿಂದ ಎತ್ತರದಿಂದ ಧುಮುಕಿದಾಗ ನೊರೆ ಏಳುತ್ತದೆ. ಬೆಳ್ಳಂದೂರು ಕೆರೆಯಲ್ಲಿ ಆಗಿದ್ದು ಇದರ ದೊಡ್ಡ ರೂಪ. ಅಲ್ಲಿಗೆ ತೊಳೆಯದ ಕೊಳಚೆಯೇ ಹೊಳೆಯಾಗಿ ಬರುತ್ತಿತ್ತು. 2015ರಲ್ಲಿ, 2017ರಲ್ಲಿ, 2018ರಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿತು. ಹಾಗಾಗಿ ಲಕ್ಷ್ಮೀಸಾಗರದಲ್ಲಿ ನೊರೆ ಕಂಡಾಗ ಜನ ಹೆದರಿದ್ದು ನ್ಯಾಯವೇ. ಅವತ್ತು ಕೂಗಾಡಿದವರನ್ನು ಅಭಿವೃದ್ಧಿಗೆ ಅಡ್ಡ ಬರುವವರು ಅಂದವರೂ ಇದ್ದರು. ನಾನು ಆ ಮಾತು ಒಪ್ಪುವುದಿಲ್ಲ. ಅವರು ಕೂಗಿದ್ದರಿಂದಲೇ ನೀರಿನ ಪರೀಕ್ಷೆ ಇನ್ನಷ್ಟು ಕಟ್ಟುನಿಟ್ಟಾಯಿತು.

ಅವರು ಕೇಳಿದ್ದು ಮೂರನೇ ಹಂತದ ಶುದ್ಧೀಕರಣ. ಜಾಲರಿ, ಮರಳು ತೊಟ್ಟಿ ಮೊದಲನೆಯದು. ಜೀವಿಗಳ ಕೆಲಸ ಎರಡನೆಯದು. ಇಲ್ಲಿಗೆ ಬರುವ ನೀರು ಎರಡನೇ ಹಂತ ಮುಗಿಸಿದ ನೀರು. ಬಿಒಡಿ ಅಂತ ಒಂದು ಅಳತೆ ಇದೆ. ನೀರಿನಲ್ಲಿ ಕೊಳೆಯುವ ಪದಾರ್ಥ ಎಷ್ಟಿದೆ ಅಂತ ಹೇಳುತ್ತದೆ. ನಮ್ಮ ದೊಡ್ಡ ಊರುಗಳ ಕೊಳಚೆಯಲ್ಲಿ ಅದು ಲೀಟರಿಗೆ 200, 300 ಮಿಲಿಗ್ರಾಂ ಇರುತ್ತದೆ. ಎರಡನೇ ಹಂತ ಸರಿಯಾಗಿ ನಡೆದರೆ 10ಕ್ಕೆ ಇಳಿಸಬಹುದು. ಅದು ಸಣ್ಣ ಸಾಧನೆ ಅಲ್ಲ. ಆದರೆ ಬಿಒಡಿ 10 ಆದ ತಕ್ಷಣ ನೀರು ಶುದ್ಧ ಅಂತ ಹೇಳಿದರೆ ಅದು ಅರ್ಧ ಸತ್ಯ. ಆ ನೀರಿನಲ್ಲಿ ರೋಗಾಣು ಉಳಿದಿರುತ್ತದೆ. ರಂಜಕ ಉಳಿದಿರುತ್ತದೆ, ಅದು ಕೆರೆಯಲ್ಲಿ ಪಾಚಿಗೂ ಜೊಂಡಿಗೂ ಗೊಬ್ಬರ. ಗಾಳಿ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗಿ ಬದಲಾಗುತ್ತದೆ. ಅದನ್ನು ತೆಗೆಯುವುದಕ್ಕೆ ಗಾಳಿ ಕೊಡದ ಇನ್ನೊಂದು ತೊಟ್ಟಿ ಬೇಕು. ಅದು ಇಲ್ಲದ ಕಡೆ ನೈಟ್ರೇಟ್ ನೀರಿನ ಜೊತೆ ಹೊರಗೆ ಬರುತ್ತದೆ. ಮತ್ತೆ ಉಪ್ಪು. ನೀರು ಊರೊಳಗೆ ಒಂದು ಸಲ ಹೋಗಿ ಬಂದರೆ ಅದಕ್ಕೆ ಉಪ್ಪು ಸೇರಿಯೇ ಸೇರುತ್ತದೆ. ಅದನ್ನು ಜೀವಿಗಳು ತಿನ್ನುವುದಿಲ್ಲ. ಮೂರನೇ ಹಂತ ಅಂದರೆ ಪಟಿಕದಂಥದ್ದು ಹಾಕಿ ರಂಜಕ ಇಳಿಸಿ, ಮರಳಿನಲ್ಲೋ ಇನ್ನೂ ಸಣ್ಣ ಜಾಲರಿಯಲ್ಲೋ ಸೋಸಿ, ಕ್ಲೋರಿನ್ ಅಥವಾ ಯುವಿ ಬೆಳಕಿನಿಂದ ರೋಗಾಣು ಕೊಲ್ಲುವುದು. ಉಪ್ಪು ಅದಕ್ಕೂ ಜಗ್ಗುವುದಿಲ್ಲ.

ಮಣ್ಣು ಸೋಸುತ್ತದೆ ಬಿಡಿ, ಭೂಮಿಗೆ ಇಂಗಿದ ಮೇಲೆ ಎಲ್ಲ ಸರಿ ಹೋಗುತ್ತದೆ ಅಂತ ಒಂದು ವಾದ ಇದೆ. ಇಸ್ರೇಲಿನ ಉದಾಹರಣೆ ಕೊಡುತ್ತಾರೆ. ಅಲ್ಲಿ ಟೆಲ್ ಅವೀವ್ ಸುತ್ತಲಿನ ಊರುಗಳ ಕೊಳಚೆಯನ್ನು ಶಫ್ದಾನ್ ಅನ್ನುವ ಕಡೆ ತೊಳೆದು ಮರಳು ದಿಬ್ಬಗಳಲ್ಲಿ ಇಂಗಿಸುತ್ತಾರೆ. ನೀರು ಮರಳಿನೊಳಗೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿದು ಸ್ವಚ್ಛವಾಗುತ್ತದೆ. ಆಮೇಲೆ ಅದನ್ನು ಬಾವಿಗಳಿಂದ ಎತ್ತಿ ದಕ್ಷಿಣದ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಾರೆ. ತುಂಬ ಒಳ್ಳೆಯ ಕೆಲಸ, ನನಗೆ ಅವರ ಮೇಲೆ ಗೌರವ ಇದೆ. ಆದರೆ ನಮ್ಮ ಕೋಲಾರದ ಕೆಳಗೆ ಏನಿದೆ? ಬಂಡೆ. ಮೇಲೆ ಒಂದಷ್ಟು ಮಣ್ಣು, ಅದರ ಕೆಳಗೆ ಶಿಥಿಲ ಕಲ್ಲು, ಆಮೇಲೆ ಗಟ್ಟಿ ಬಂಡೆ, ಅದರಲ್ಲಿ ಸೀಳುಗಳು. ನೀರು ಸೀಳು ಸಿಕ್ಕಿದ ಕಡೆ ಸರ್ರನೆ ಹೋಗುತ್ತದೆ. ಸೀಳು ಸೋಸುವುದಿಲ್ಲ, ದಾರಿ ಕೊಡುತ್ತದೆ ಅಷ್ಟೇ. ಬೋರ್ ಕೊರೆಸುವಾಗ ನೀವೇ ನೋಡಿದ್ದೀರಲ್ಲ, ಒಬ್ಬರ ಹೊಲದಲ್ಲಿ ಸಾವಿರದ ಐನೂರು ಅಡಿ ಹೋದರೂ ಬರೀ ಧೂಳು, ಪಕ್ಕದವರದ್ದರಲ್ಲಿ ಎಂಟುನೂರಕ್ಕೆ ನೀರು. ಅಲ್ಲಿನ ಮರಳು ಮಾಡುವ ಕೆಲಸವನ್ನು ಇಲ್ಲಿನ ಬಂಡೆ ಮಾಡುತ್ತದೆ ಅಂತ ನಂಬಿ ಕೂರಬಾರದು. ಅದಕ್ಕೇ ನಾನು ಹೇಳುವುದು, ಮೂರನೇ ಹಂತ ನಮಗೆ ಅವರಿಗಿಂತ ಜಾಸ್ತಿ ಬೇಕು.

ಉಪ್ಪಿನ ವಿಷಯದಲ್ಲಿ ಮಾತ್ರ ಅವರಿಂದ ಕಲಿಯಬೇಕಾದ್ದು ಇದೆ. ಆಮೇಲೆ ತೆಗೆಯಲು ಆಗದ್ದನ್ನು ಮೊದಲೇ ಹಾಕಬೇಡಿ ಅಂತ ಅವರು ಸೋಪಿನ ಪುಡಿಯಲ್ಲಿ ಬೋರಾನ್ ಎಷ್ಟಿರಬೇಕು ಅಂತಲೇ ಕಾನೂನು ಮಾಡಿದರು. ಕಿತ್ತಳೆ, ನಿಂಬೆ ಗಿಡಗಳಿಗೆ ಬೋರಾನ್ ಸ್ವಲ್ಪ ಜಾಸ್ತಿಯಾದರೂ ಆಗಿಬರುವುದಿಲ್ಲ. ಹೊಲದ ಗಿಡ ಉಳಿಸಲು ಬಚ್ಚಲಿನ ಸೋಪು ಸರಿ ಮಾಡಿದರು.

ಇನ್ನೊಂದು ಊರಿನ ಕಥೆ ಹೇಳಲೇಬೇಕು. ಆಫ್ರಿಕಾದ ನಮೀಬಿಯಾ ದೇಶದ ರಾಜಧಾನಿ ವಿಂಡ್‌ಹುಕ್. ನಮ್ಮ ಮಳೆಯ ಅರ್ಧದಷ್ಟು ಮಳೆ. ವರ್ಷವಿಡೀ ಹರಿಯುವ ನದಿ ಬೇಕೆಂದರೆ ನೂರಾರು ಕಿಲೋಮೀಟರ್ ಹೋಗಬೇಕು. ಆ ಊರಿನವರು 1968ರಿಂದ ತಮ್ಮ ಕೊಳಚೆಯನ್ನೇ ತೊಳೆದು ಕುಡಿಯುತ್ತಿದ್ದಾರೆ. ಕೆರೆಗೆ ಬಿಟ್ಟು, ಭೂಮಿಗೆ ಇಂಗಿಸಿ, ಆಮೇಲೆ ಎತ್ತಿ ಅಲ್ಲ. ನೇರವಾಗಿ ನಲ್ಲಿಗೆ. 2002ರಲ್ಲಿ ಗೊರಿಯಾಂಗಾಬ್ ಅನ್ನುವ ಕಡೆ ಹೊಸ ಘಟಕ ಕಟ್ಟಿದರು, ದಿನಕ್ಕೆ 21 ಎಂಎಲ್‌ಡಿ. ಓಜೋನ್, ಇದ್ದಿಲು, ಸೂಕ್ಷ್ಮ ಪೊರೆ, ಕ್ಲೋರಿನ್, ಒಂದಾದ ಮೇಲೆ ಒಂದು ಅಡ್ಡಗೋಡೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು. ಅಲ್ಲಿನ ಎರಡು ಪದ್ಧತಿ ನನಗೆ ತುಂಬ ಇಷ್ಟ. ಒಂದು, ಕಾರ್ಖಾನೆ ನೀರಿಗೆ ಬೇರೆಯೇ ದಾರಿ, ಅದನ್ನು ಕುಡಿಯುವ ನೀರಿನ ಕಡೆಗೆ ಬರುವುದಕ್ಕೇ ಬಿಡುವುದಿಲ್ಲ. ಎರಡು, ನೀರಿನ ಗುಣ ಹದ ತಪ್ಪಿತು ಅಂದರೆ ಆ ನೀರು ಊರಿಗೆ ಹೋಗುವುದಿಲ್ಲ, ಘಟಕದೊಳಗೇ ಮತ್ತೆ ಸುತ್ತುತ್ತದೆ. ಬಾಗಿಲು ಮುಚ್ಚುವ ಧೈರ್ಯ ಇರುವವರಿಗೆ ಮಾತ್ರ ಜನ ಲೋಟ ಹಿಡಿದು ನಂಬಿಕೆ ಕೊಡುತ್ತಾರೆ. ಇಷ್ಟು ವರ್ಷ ಕೊಟ್ಟಿದ್ದಾರೆ.

ನಮಗೂ ಕುಡಿಸಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿಗೆ ಬರುವ ನೀರಿನ ಪರೀಕ್ಷೆಯ ಅಂಕಿಗಳನ್ನು ಪ್ರತಿ ಕೆರೆಯ ಏರಿ ಮೇಲೆ ಹಲಗೆ ಹಾಕಿ, ಕನ್ನಡದಲ್ಲಿ, ವಾರ ವಾರ ಬರೆಯಬೇಕು ಅಂತ ಹೇಳುತ್ತಿದ್ದೇನೆ. ಬಿಒಡಿ ಎಷ್ಟು, ನೈಟ್ರೇಟ್ ಎಷ್ಟು, ಮಲ ಬೆರೆತಿದ್ದರೆ ಸುಳಿವು ಕೊಡುವ ಕೋಲಿಫಾರಂ ಬ್ಯಾಕ್ಟೀರಿಯಾ ಎಷ್ಟು. ಹಾಲಿನ ಡೈರಿಯಲ್ಲಿ ಫ್ಯಾಟ್ ಎಷ್ಟು ಅಂತ ಎದುರಿಗೇ ಅಳೆದು ಚೀಟಿ ಕೊಡುತ್ತಾರೆ, ಅಲ್ವಾ? ಒಂದು ಪಾಯಿಂಟ್ ಕಡಿಮೆ ಬಂದರೆ ನೀವು ಅಲ್ಲೇ ಜಗಳ ಮಾಡುತ್ತೀರಿ. ಅದೇ ಹಕ್ಕು ಕೆರೆಯ ನೀರಿಗೂ ಬೇಕು.

ಹೊರಗಿಂದ ಬರುವ ನೀರಿನ ಮಾತೇ ಜಾಸ್ತಿ ಆಯಿತು. ನಮ್ಮ ಊರುಗಳದ್ದೇ ಕೊಳಚೆ ಎಲ್ಲಿ ಹೋಗುತ್ತಿದೆ?

ಬರದ ಸೀಮೆಯ ಊರಿಗೆ ಒಳಚರಂಡಿ ಹಾಕುವುದರಲ್ಲಿ ಒಂದು ತೊಡಕು ಇದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪೈಪಿನೊಳಗೆ ನೀರು ಒಂದು ವೇಗದಲ್ಲಿ ಓಡಬೇಕು, ಸೆಕೆಂಡಿಗೆ ಎರಡು ಅಡಿಯಷ್ಟು. ಆಗ ಮಾತ್ರ ಹೊಲಸನ್ನು ತಳ್ಳಿಕೊಂಡು ಹೋಗುತ್ತದೆ. ಅದಕ್ಕೆ ಅಂತಲೇ ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಇಟ್ಟಿರುವುದು. ನಮ್ಮಲ್ಲಿ ವಾರಕ್ಕೊಮ್ಮೆ ನಲ್ಲಿ ಬರುವ ಬಡಾವಣೆಗಳಿವೆ. ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಿನಲ್ಲಿ ಬಟ್ಟೆ ಒಗೆದು, ಆ ನೀರನ್ನೇ ಪಾಯಿಖಾನೆಗೆ ಹಾಕುವ ತಾಯಂದಿರಿದ್ದಾರೆ. ಇಂಥ ಕಡೆ ಪೈಪಿಗೆ ಬೀಳುವ ನೀರು ಕಡಿಮೆ, ಹೊಲಸು ಅಷ್ಟೇ. ನೀರು ಮೆಲ್ಲಗೆ ತೆವಳುತ್ತದೆ, ಹೊಲಸು ನಡುವೆಯೇ ಕೂರುತ್ತದೆ. ಉಸಿರಿಲ್ಲದೆ ಕೊಳೆತು ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಏಳುತ್ತದೆ. ಆ ಗ್ಯಾಸ್ ಕಾಂಕ್ರೀಟನ್ನೇ ತಿನ್ನುತ್ತದೆ. ಮ್ಯಾನ್‌ಹೋಲಿಗೆ ಇಳಿದ ಮನುಷ್ಯನನ್ನು ಕೆಲವೇ ಉಸಿರಿನಲ್ಲಿ ಕೆಡವುತ್ತದೆ. ಮಲ ಬಾಚಿಸುವುದನ್ನು ತಡೆಯುವ 2013ರ ಕಾನೂನು ಇದ್ದೂ ಇನ್ನೂ ಜನರನ್ನು ಇಳಿಸುವುದು ನಿಂತಿಲ್ಲ. ಯಾರಾದರೂ ನಿಮ್ಮ ಬೀದಿಯಲ್ಲಿ ಇಳಿಸಲು ಬಂದರೆ ದಯವಿಟ್ಟು ತಡೆಯಿರಿ. ಪೈಪು ಎಷ್ಟೇ ಕಟ್ಟಿಕೊಂಡಿರಲಿ, ಮಷಿನ್ ಬರಲಿ ಅನ್ನಿ.

ಎಸ್‌ಟಿಪಿಗೂ ಇದರ ಬಿಸಿ ತಟ್ಟುತ್ತದೆ. ಕಡಿಮೆ ನೀರಿನ ಊರಿನ ಕೊಳಚೆ ಗಟ್ಟಿ ಇರುತ್ತದೆ. ಜೋರ್ಡಾನ್ ದೇಶದ ಅಮ್ಮಾನ್ ನಗರದ ಕೊಳಚೆಯ ಬಿಒಡಿ ನಮ್ಮ ದೊಡ್ಡ ಊರುಗಳದ್ದರ ಎರಡು ಪಟ್ಟು. ಅಲ್ಲಿನವರು ನೀರನ್ನು ಅಷ್ಟು ಹಿಡಿದು ಬಳಸುತ್ತಾರೆ. ಅಲ್ಲಿ ಮೊದಲು ಬರೀ ಬಯಲು ಕೊಳಗಳಿದ್ದವು, ನೀರು ನಿಂತು ನಿಂತು ಸುತ್ತಲ ಊರೆಲ್ಲ ನಾರುತ್ತಿತ್ತು. 2008ರಲ್ಲಿ ಅಸ್ ಸಮ್ರಾ ಅನ್ನುವ ದೊಡ್ಡ ಘಟಕ ಬಂತು. ಅಮ್ಮಾನ್ ಎತ್ತರದಲ್ಲಿದೆ, ಘಟಕ ತಗ್ಗಿನಲ್ಲಿದೆ. ಕೊಳಚೆ ಇಳಿದು ಬರುವ ರಭಸಕ್ಕೇ ಟರ್ಬೈನ್ ಕೂರಿಸಿ ಕರೆಂಟ್ ಮಾಡುತ್ತಾರೆ, ಗಸಿಯಿಂದ ಬರುವ ಗ್ಯಾಸಿನಿಂದ ಇನ್ನಷ್ಟು. ತೊಳೆದ ನೀರು ಅಣೆಕಟ್ಟಿಗೆ ಹೋಗಿ, ಜೋರ್ಡಾನ್ ಕಣಿವೆಯ ಹೊಲಗಳಿಗೆ ಇಳಿಯುತ್ತದೆ. ನಮ್ಮ ಎಂಜಿನಿಯರುಗಳು ಯೋಜನೆ ಬರೆಯುವಾಗ ನೋಡಬೇಕಾದ್ದು ಇಂಥ ಊರುಗಳನ್ನು. ಧಾರಾಳ ನೀರಿರುವ ಊರಿನ ನಕ್ಷೆ ತಂದು ಇಲ್ಲಿ ಹಾಸಿದರೆ ಕೆಲಸ ಮಾಡುವುದಿಲ್ಲ.

ಸಣ್ಣ ಊರಿಗೆ ಒಳಚರಂಡಿಯೇ ಬೇಕು ಅಂತಲೂ ಇಲ್ಲ. ದೇವನಹಳ್ಳಿಗೆ ಒಂದು ಸಲ ಹೋಗಿ ಬನ್ನಿ. ಮನೆಮನೆಯ ಗುಂಡಿಯಿಂದ ಹೀರುವ ಲಾರಿ ತಂದ ಮಲದ ಗಸಿಯನ್ನು ಗೊಬ್ಬರ ಮಾಡುವ ಘಟಕ ಅಲ್ಲಿ 2015ರಲ್ಲಿ ಶುರುವಾಯಿತು. ದೇಶದಲ್ಲಿ ಊರ ಮಟ್ಟದ ಇಂಥ ಘಟಕ ಅದೇ ಮೊದಲನೆಯದು. ಕರೆಂಟ್ ಹೆಚ್ಚು ಬೇಡ, ಗದ್ದಲ ಇಲ್ಲ, ಗಸಿ ಕೊಳೆತು ಒಣಗಿ ಹೊಲಕ್ಕೆ ಹೋಗುತ್ತದೆ. ಅದಕ್ಕಿಂತ ಮುಂಚೆಯೂ ನಮ್ಮ ರೈತರು ಆ ಲಾರಿಯವರಿಗೆ ದುಡ್ಡು ಕೊಟ್ಟು ತಮ್ಮ ಹೊಲಕ್ಕೆ ಸುರಿಸಿಕೊಳ್ಳುತ್ತಿದ್ದರು. ಅದರ ಬೆಲೆ ರೈತನಿಗೆ ಯಾವತ್ತೋ ಗೊತ್ತಿತ್ತು.

ಅರ್ಧ ಗಂಟೆ ಆಯಿತು ಅಂತ ಆ ಹುಡುಗಿ ಕೈ ಎತ್ತುತ್ತಿದ್ದಾಳೆ. ಬಾಮ್ಮ, ನೀನೇ ಓದಿ ಹೇಳು, ಗಸಿ ಯಾವ ಗೆರೆಗೆ ನಿಂತಿದೆ? ಇನ್ನೂರ ಐವತ್ತು. ತುಂಬ ಚೆನ್ನಾಗಿದೆ. ಮೇಲಿನ ನೀರಿನ ಆಚೆಗೆ ನಿನ್ನ ಬೆರಳು ಕಾಣುತ್ತಿದೆ ನೋಡು. ಗಸಿ ಎಂಟುನೂರರಲ್ಲೇ ನಿಂತಿದ್ದರೆ ಆ ಎಸ್‌ಟಿಪಿಗೆ ಕಾಯಿಲೆ ಅಂತ ಅರ್ಥ. ಒಂದು ಜಾಡಿ, ಅರ್ಧ ಗಂಟೆ ತಾಳ್ಮೆ, ಇಷ್ಟೇ ಸಾಕು. ಎಸ್‌ಟಿಪಿ ನೋಡಲು ಹೋದಾಗ ಇದನ್ನು ಮಾಡಿ ತೋರಿಸಿ ಅಂತ ಕೇಳಿ. ಈ ತಿಳಿನೀರು ಕುಡಿಯಬಹುದಾ ಅಂತ ಅವಳು ಕೇಳುತ್ತಿದ್ದಾಳೆ. ಬೇಡಮ್ಮ. ಕಣ್ಣಿಗೆ ತಿಳಿ ಇದೆ, ರೋಗಾಣು ಹಾಗೇ ಇದೆ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತರು. ಟೊಮೇಟೊ, ಹಿಪ್ಪುನೇರಳೆ ಬೆಳೆಯುವವರು. ಕೆರೆ ತುಂಬಿದ ಮೇಲೆ ತಮ್ಮ ಹಳೆಯ ತೆರೆದ ಬಾವಿಯಲ್ಲಿ ನೀರು ಕಂಡಿತು, ಬತ್ತಿದ್ದ ಬೋರೂ ಮತ್ತೆ ಎತ್ತಿತು ಅಂದರು. "ಇಪ್ಪತ್ತು ವರ್ಷದ ಮೇಲೆ ಬಾವಿಯಲ್ಲಿ ಆಕಾಶ ಕಾಣಿಸಿತು ಸ್ವಾಮಿ. ಈಗ ನೀವು ಅದನ್ನ ಕುಡೀಬೇಡ ಅಂತೀರ?"

ನಾನು ಹೇಳಿದ್ದು ಇಷ್ಟು. ಅಣ್ಣಾ, ನಿಮ್ಮ ಸಂತೋಷ ನನಗೂ ಸಂತೋಷವೇ. ಹಿಪ್ಪುನೇರಳೆಗೆ ಬಿಡಿ, ಯೋಚನೆ ಬೇಡ. ಟೊಮೇಟೊಗೆ ಹನಿ ನೀರಾವರಿಯಲ್ಲಿ ಬುಡಕ್ಕೆ ಕೊಡಿ, ಕಾಯಿಗೆ ತಾಗಿಸಬೇಡಿ. ಸೊಪ್ಪಿಗೆ ಹಾಯಿಸಬೇಡಿ. ಕೆರೆಗೆ ನೇರವಾಗಿ ಪಂಪು ಇಡಬೇಡಿ, ಇಂಗಲಿ ಅಂತಲೇ ನಿಯಮ ಇರುವುದು. ಕುಡಿಯುವ ಮುಂಚೆ ಮಾತ್ರ ಪರೀಕ್ಷೆ ಮಾಡಿಸಲೇಬೇಕು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಎಳೆಯ ಮಕ್ಕಳಿಗೆ ಆ ನೀರು ಕೊಡಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಕಡೆ ಫ್ಲೋರೈಡ್ ಕಾಟವೂ ಇದೆ, ಅದನ್ನೂ ನೋಡಿಸಿ.

ಪರೀಕ್ಷೆಗೆ ನೀರು ಹೇಗೆ ತರಬೇಕು ಅಂತ ಕೇಳಿದರು. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹೊರಗೆ ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಹೊಸ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಅಂಚಿನ ತನಕ ತುಂಬಿ ಮುಚ್ಚಳ ಹಾಕಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಐಸ್ ಡಬ್ಬಿಯಲ್ಲಿ ಅವತ್ತೇ ತಲುಪಿಸಬೇಕು. ಬಾಟಲಿಯ ಮೇಲೆ ತಾರೀಖು, ಸರ್ವೆ ನಂಬರ್, ಬೋರಿನ ಆಳ ಬರೆಯಿರಿ. ರಿಪೋರ್ಟ್ ಬಂದ ಮೇಲೆ ಆ ಚೀಟಿ ಬಿಸಾಕಬೇಡಿ, ಪಹಣಿಯ ಜೊತೆ ಇಡಿ. ಮುಂದಿನ ಬೇಸಿಗೆಯಲ್ಲಿ ಅದೇ ಬೋರಿನ ನೀರನ್ನು ಮತ್ತೆ ಕೊಟ್ಟು, ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.